2013ರ ಒಂದು ಸೋಲು: ತಪ್ಪು ನಡೆ ಯಾವುದೆಂದು ಇಷ್ಟು ವರ್ಷ ತಪ್ಪಾಗಿಯೇ ತಿಳಿದಿದ್ದೆನೇ?

ಕಲ್ಸಂಕದ ಕಾಲಾಳು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮುನ್ನ ಉಡುಪಿಯ ನಮ್ಮ ಹಳೆಯ ಮನೆಯ ಹಂಚು ಕೈಯಾಡಿಸುವ ಕೆಲಸವಿದ್ದುದರಿಂದ ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಒಂದು ತಗಡಿನ ಪೆಟ್ಟಿಗೆಯ ತಳದಲ್ಲಿ ನನ್ನ ಚೆಸ್ ಪಂದ್ಯಾವಳಿಗಳ ಸ್ಕೋರ್‌ಶೀಟುಗಳ, ಅಂದರೆ ನಡೆಗಳನ್ನು ಬರೆದಿಡುವ ಹಾಳೆಗಳ, ಕಟ್ಟು ಸಿಕ್ಕಿತು. ಮೇಲಿನ ಪ್ರತಿಯನ್ನು ಆಯೋಜಕರು ಇರಿಸಿಕೊಂಡು ಅಡಿಯ ಕಾರ್ಬನ್ ಪ್ರತಿಯನ್ನು ಆಟಗಾರನಿಗೆ ಕೊಡುತ್ತಿದ್ದ ಕಾಲದವು ಅವು. ಹೆಚ್ಚಿನವುಗಳ ಅಕ್ಷರ ಮಾಸಿಹೋಗಿದೆ, ಕೆಲವುಗಳ ಅಂಚನ್ನು ಹುಳು ತಿಂದಿದೆ. ಆದರೆ ನಾನು ಯಾವುದನ್ನು ಹುಡುಕಬೇಕೆಂದಿದ್ದೆನೋ, ಅಥವಾ ಯಾವುದು ಸಿಗದಿದ್ದರೇ ಒಳ್ಳೆಯದು ಎಂದುಕೊಂಡಿದ್ದೆನೋ, ಅದು ಮಾತ್ರ ಓದಲು ಬರುವಂತೆ ಉಳಿದುಕೊಂಡಿತ್ತು.

2013ರಲ್ಲಿ ಮಂಗಳೂರಿನಲ್ಲಿ ನಡೆದ ಒಂದು ರೇಟೆಡ್ ಪಂದ್ಯಾವಳಿಯ ಐದನೇ ಸುತ್ತಿನ ಆಟವದು. ಆಟಗಾರನೊಬ್ಬನಿಗೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡುಗಳ ಸೇರ್ಪಡೆ. ನಾನು ದಿನವೂ ಬೆಳಗ್ಗೆ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು, ರಾತ್ರಿ ಮರಳುತ್ತಿದ್ದೆ. ಎದುರಾಳಿ ಹದಿನಾಲ್ಕರ ಆಸುಪಾಸಿನ ಹುಡುಗ. ನನ್ನದು ಕಪ್ಪು ಕಾಯಿ. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಐದೇ ಕಾಯಿಗಳು (ಮನೆಯ ಹೆಸರಿನಲ್ಲಿ ಎಯಿಂದ ಎಚ್ ತನಕದ ಅಕ್ಷರ ಉದ್ದಸಾಲನ್ನೂ, 1ರಿಂದ 8ರ ತನಕದ ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲನ್ನೂ ಹೇಳುತ್ತದೆ): ಅವನ ರಾಜ ಡಿ5ರಲ್ಲಿ, ಕಾಲಾಳು ಇ5ರಲ್ಲಿ, ಆನೆ ಎ7ರಲ್ಲಿ, ನನ್ನ ರಾಜ ಇ8ರಲ್ಲಿ, ಆನೆ ಜಿ6ರಲ್ಲಿ. ನಡೆ ನನ್ನದು, 59ನೆಯದು.

ಇದು ಫಿಲಿಡೋರ್ ಸ್ಥಿತಿ, ಅಂದರೆ ಒಂದು ಕಾಲಾಳು ಕಡಿಮೆಯಿದ್ದೂ ಡ್ರಾ ಮಾಡಿಕೊಳ್ಳಬಲ್ಲ ಹೆಸರಾಂತ ಆನೆಯ ಅಂತ್ಯಾಟ, ಎಂಬುದು ನನಗೆ ಆಗಲೂ ಗೊತ್ತಿತ್ತು. ಬಿಳಿಯ ಕಡೆಯಿಂದ ಎಣಿಸಿದರೆ ಆರನೆಯ ಅಡ್ಡಸಾಲನ್ನು ಆನೆಯಿಂದ ಕಾಯುತ್ತಿರಬೇಕು. ಕಾಲಾಳು ಆ ಸಾಲಿಗೆ ಕಾಲಿಟ್ಟೊಡನೆ, ಅಂದರೆ ಬಿಳಿಯ ರಾಜನಿಗೆ ಅಲ್ಲಿ ಆಸರೆ ತಪ್ಪಿದೊಡನೆ, ಆನೆಯನ್ನು ಕೆಳಕ್ಕೆ ಇಳಿಸಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಗೊತ್ತಿದ್ದೂ ನಾನು ಒಂದು ನಡೆ ಮುಂಚಿತವಾಗಿಯೇ ಆನೆಯನ್ನು ಜಿ1ಕ್ಕೆ ಇಳಿಸಿಬಿಟ್ಟೆ. ಅವನ ರಾಜ ಡಿ6ಕ್ಕೆ ಬಂದ. ನಾನು ಆನೆಯನ್ನು ಇ1ಕ್ಕೆ ತಂದೆ. ಅವನ ರಾಜ ಇ6ಕ್ಕೆ ಸರಿದ, ಎ8ರಲ್ಲಿ ಚೆಕ್‌ಮೇಟ್ ಬೆದರಿಕೆ ಹುಟ್ಟಿತು. ನಾನು ರಾಜನನ್ನು ಡಿ8ಕ್ಕೆ ಸರಿಸಿದೆ. ಆಮೇಲೆ ಹತ್ತು ನಡೆಗಳೂ ಆಗಲಿಲ್ಲ, ಕೈ ಕುಲುಕಿ ಎದ್ದುಬಿಟ್ಟೆ.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುತ್ತ ಬಂದದ್ದು ಒಂದೇ ಮಾತು: “ಆರನೇ ಸಾಲು ಬಿಟ್ಟೆ, ಸೋತೆ.” ನನ್ನ ಮಗಳಿಗೆ ಆಟ ಕಲಿಸುವಾಗಲೂ ಇದೇ ಕಥೆಯನ್ನು ಹೇಳಿದ್ದೇನೆ. ಕಳೆದ ವಾರ ಆ ಸ್ಥಿತಿಯನ್ನು ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಇಟ್ಟು ನೋಡಿದರೆ, ಆನೆಯನ್ನು ಜಿ1ಕ್ಕೆ ಇಳಿಸಿದ ಬಳಿಕವೂ ಆಟ ಡ್ರಾ ಎಂದೇ ಅಂತ್ಯಾಟದ ಕೋಷ್ಟಕ (ಕೆಲವೇ ಕಾಯಿಗಳುಳಿದ ಸ್ಥಿತಿಗಳಿಗೆ ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿಟ್ಟ ಖಚಿತ ಫಲಿತಾಂಶಗಳ ಪಟ್ಟಿ) ತೋರಿಸುತ್ತಿದೆ. ಇ1ಕ್ಕೆ ಬಂದ ಮೇಲೂ ಡ್ರಾ. ಸೋಲಿಸಿದ್ದು ರಾಜನ ನಡೆ. ಡಿ8ರ ಬದಲು ಎಫ್8ಕ್ಕೆ ಹೋಗಬೇಕಿತ್ತಂತೆ. ನಾನು ಆ ರಾಜನ ನಡೆಯನ್ನು ಒಂದು ದಿನವೂ ಸಂಶಯಿಸಿದವನಲ್ಲ. ಮೂಲೆಗೆ ಸಿಕ್ಕಿಬೀಳಬಾರದು ಎಂದು ವಿಶಾಲವಾದ ಬದಿಯನ್ನು ಆರಿಸಿಕೊಂಡದ್ದು ಮಾತ್ರ ನೆನಪಿದೆ, ಅದೂ ನಿಜವಾದ ನೆನಪೋ ಈಗ ಕಟ್ಟಿಕೊಂಡದ್ದೋ ತಿಳಿಯದು.

ಎಫ್8 ಏಕೆ ಸರಿ, ಡಿ8 ಏಕೆ ತಪ್ಪು ಎಂಬುದನ್ನು ಬಲ್ಲವರು ವಿವರಿಸಿಯಾರೇ? ಜೊತೆಗೆ, ಇಷ್ಟು ಹಳೆಯ ಆಟವನ್ನು ಮತ್ತೆ ನೋಡುವ ಕ್ರಮ ಯಾವುದು? ಯಂತ್ರದ, ಅಂದರೆ ಕಂಪ್ಯೂಟರಿನ, ಉತ್ತರವನ್ನು ನಾನು ಈಗಾಗಲೇ ನೋಡಿಬಿಟ್ಟಿದ್ದೇನೆ. ಉಳಿದ 58 ನಡೆಗಳನ್ನಾದರೂ ಸರಿಯಾದ ರೀತಿಯಲ್ಲಿ ನೋಡಬೇಕೆಂಬ ಆಸೆ.

ಕದ್ರಿಯ ಕುದುರೆ ಬರೆದದ್ದು:

ಕಾಲಾಳು ಅವರೇ, ಕೋಷ್ಟಕ ಹೇಳುತ್ತಿರುವುದು ಸರಿಯಾಗಿಯೇ ಇದೆ, ಮತ್ತು ನೀವು ಇಷ್ಟು ವರ್ಷ ಹೇಳುತ್ತ ಬಂದ ಕಥೆ ಮಂಗಳೂರಿನಲ್ಲಿ ನಾನು ಕಲಿಸುವ ಮಕ್ಕಳಲ್ಲಿ ಹೆಚ್ಚಿನವರು ಹೇಳುವ ಕಥೆಯೂ ಹೌದು. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಆರನೇ ಸಾಲಿನ ಈ ರಕ್ಷಣೆಯನ್ನು ಪ್ರಕಟಿಸಿದ್ದು 1777ರಲ್ಲಿ. ಅದು ಎಷ್ಟು ಸುಲಭವಾಗಿ ನೆನಪಿನಲ್ಲಿ ನಿಲ್ಲುತ್ತದೆಯೆಂದರೆ, ಅದು ಕೈತಪ್ಪಿದರೆ ಇನ್ನೊಂದು ರಕ್ಷಣೆ ಇದೆ ಎಂಬುದೇ ಮರೆತುಹೋಗುತ್ತದೆ. ಆ ಎರಡನೆಯದನ್ನು 1851ರಲ್ಲಿ ಕ್ಲಿಂಗ್ ಮತ್ತು ಹಾರ್ವಿಟ್ಜ್ ಎಂಬ ಚೆಸ್ ಲೇಖಕರು ತೋರಿಸಿಕೊಟ್ಟರು. ಆನೆಯನ್ನು ಕಾಲಾಳಿನ ಹಿಂದೆ ನಿಲ್ಲಿಸಿ ಅದರ ಮುನ್ನಡೆಯನ್ನು ತಡೆಯುವುದು, ರಾಜನನ್ನು ಚಿಕ್ಕ ಬದಿಗೆ ಸರಿಸುವುದು, ಇಷ್ಟೇ ಅದರ ತಿರುಳು. ನೀವು ಆನೆಯನ್ನು ಇ1ಕ್ಕೆ ತಂದಾಗ, ತಿಳಿದೋ ತಿಳಿಯದೆಯೋ, ಅದರ ಮೊದಲ ಅರ್ಧವನ್ನು ಸರಿಯಾಗಿಯೇ ಆಡಿದ್ದೀರಿ. ಎಡವಿದ್ದು ಉಳಿದ ಅರ್ಧದಲ್ಲಿ.

ಚಿಕ್ಕ ಬದಿ ಎಂದರೇನು? ಕಾಲಾಳು ಇ ಸಾಲಿನಲ್ಲಿದೆ. ಅದರ ಬಲಕ್ಕೆ ಎಫ್, ಜಿ, ಎಚ್ ಎಂಬ ಮೂರು ಸಾಲುಗಳು. ಎಡಕ್ಕೆ ಡಿ, ಸಿ, ಬಿ, ಎ ಎಂಬ ನಾಲ್ಕು. ಬದಿಯಿಂದ ಚೆಕ್ ಕೊಡುವ ಆನೆಗೆ ದೂರ ಬೇಕು. ಎ ಸಾಲಿನಲ್ಲಿ ನಿಂತ ಆನೆಗೂ ಕಾಲಾಳಿಗೂ ನಡುವೆ ಮೂರು ಸಾಲುಗಳ ಅಂತರವಿರುತ್ತದೆ. ಎಚ್ ಸಾಲಿನಲ್ಲಿ ನಿಂತರೆ ಎರಡೇ. ಈ ಒಂದು ಸಾಲಿನ ವ್ಯತ್ಯಾಸದಲ್ಲಿ ಅರ್ಧ ಅಂಕ, ಅಂದರೆ ಡ್ರಾ, ಅಡಗಿದೆ. ನಿಮ್ಮ ರಾಜ ಚಿಕ್ಕ ಬದಿಯಲ್ಲಿ ನಿಂತರೆ ಉದ್ದ ಬದಿ ಪೂರ್ತಿಯಾಗಿ ಆನೆಗೆ ತೆರವಾಗುತ್ತದೆ. ನೀವು “ವಿಶಾಲವಾದ ಬದಿ” ಎಂದು ರಾಜನನ್ನು ಕಳುಹಿಸಿದಿರಲ್ಲ, ಆ ವೈಶಾಲ್ಯ ಬೇಕಾಗಿದ್ದದ್ದು ಆನೆಗೆ.

ಹಲಗೆಯ ಮೇಲೆ ಇಟ್ಟು ನೋಡಿ. ರಾಜ ಎಫ್8ಕ್ಕೆ ಹೋದರೆ ಬಿಳಿ ಎ8ರಲ್ಲಿ ಚೆಕ್ ಕೊಡುತ್ತದೆ, ನೀವು ಜಿ7ಕ್ಕೆ ಸರಿಯುತ್ತೀರಿ. ಬಿಳಿ ಆನೆ ಇ8ಕ್ಕೆ ಬಂದು ಕಾಲಾಳಿಗೆ ಬೆಂಬಲವಾಗಿ ನಿಲ್ಲುತ್ತದೆ. ಆಗ ನಿಮ್ಮ ಆನೆ ಇ1ರಿಂದ ಎ1ಕ್ಕೆ ಹೋಗಬೇಕು. ಬಿಳಿಯ ರಾಜ ಡಿ7ಕ್ಕೆ ಏರಿದರೆ ಎ7ರಿಂದ ಚೆಕ್, ಡಿ6ಕ್ಕೆ ಇಳಿದರೆ ಎ6ರಿಂದ ಚೆಕ್, ಆನೆಯನ್ನು ಹಿಡಿಯಲೆಂದು ಸಿ7ರ ತನಕ ಬಂದರೆ ಕಾಲಾಳು ಒಂಟಿಯಾಗುತ್ತದೆ, ನಿಮ್ಮ ರಾಜ ಎಫ್7ಕ್ಕೆ ಬಂದು ಬಿಳಿ ಆನೆಯನ್ನೇ ಎಬ್ಬಿಸುತ್ತಾನೆ. ಈಗ ನಿಮ್ಮ ಡಿ8 ನೋಡಿ. ಎ8ರಲ್ಲಿ ಚೆಕ್, ರಾಜ ಸಿ7ಕ್ಕೆ, ಬಿಳಿ ಆನೆ ಇ8ಕ್ಕೆ. ನಿಮ್ಮ ಆನೆ ಬದಿಯಿಂದ ಚೆಕ್ ಕೊಡಲು ಎಚ್1ಕ್ಕೆ ಹೋಗಬೇಕು. ಆದರೆ ಆ ಬದಿಯಲ್ಲಿ ಜಾಗವಿಲ್ಲ. ಬಿಳಿಯ ರಾಜ ಎಫ್7ಕ್ಕೆ, ಜಿ6ಕ್ಕೆ ಎಂದು ಎರಡೇ ಹೆಜ್ಜೆಯಲ್ಲಿ ನಿಮ್ಮ ಆನೆಯ ಮೈಮೇಲೆ ಬರುತ್ತಾನೆ, ಚೆಕ್ಕುಗಳು ಮುಗಿಯುತ್ತವೆ, ಕಾಲಾಳು ಹೊರಡುತ್ತದೆ.

ಎರಡನೇ ಪ್ರಶ್ನೆಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು. ಯಂತ್ರವನ್ನು ಮುಚ್ಚಿಡಿ. ಮರದ ಹಲಗೆಯ ಮೇಲೆ ಕಾಯಿಗಳನ್ನು ಜೋಡಿಸಿ, ಒಂದೊಂದು ನಡೆಗೂ ಆಗ ಏನು ಯೋಚಿಸಿದ್ದೆ ಎಂಬುದನ್ನು, ನೆನಪಿಲ್ಲದಿದ್ದರೆ ನೆನಪಿಲ್ಲವೆಂದೇ, ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ. ಸೋವಿಯತ್ ವಿಶ್ವ ಚಾಂಪಿಯನ್ ಬೋಟ್ವಿನ್ನಿಕ್ ತನ್ನ ಆಟಗಳ ವಿಶ್ಲೇಷಣೆಯನ್ನು ತಾನೇ ಬರೆದು ಪ್ರಕಟಿಸಬೇಕು, ಇತರರು ಅದರಲ್ಲಿ ತಪ್ಪು ಹುಡುಕಬೇಕು ಎಂದು ನಂಬಿದ್ದವನು. ಯಂತ್ರವನ್ನು ಕೊನೆಯಲ್ಲಿ ತೆರೆಯಿರಿ. ಐದು ಕಾಯಿಗಳಂಥ ಸ್ಥಿತಿಗೆ ಸ್ಟಾಕ್‌ಫಿಶ್ ಎಂಬ ಚೆಸ್ ತಂತ್ರಾಂಶದ ಅಂಕಿಗಳನ್ನು ನೋಡುವ ಅಗತ್ಯವೇ ಇಲ್ಲ, ಕೋಷ್ಟಕವೇ ಸಾಕು. ಏಳು ಕಾಯಿಗಳವರೆಗಿನ ಸಿಜಿಜಿ ಕೋಷ್ಟಕ 2018ರಿಂದ ಎಲ್ಲರಿಗೂ ಲಭ್ಯವಿದೆ. ಐದು ಕಾಯಿಗಳದ್ದಂತೂ ನೀವು ಆ ಆಟ ಆಡುವ ಹೊತ್ತಿಗೆ ಹಳೆಯ ಮಾತಾಗಿತ್ತು. ಆ ರಾತ್ರಿಯೇ ಮನೆಗೆ ಹೋಗಿ ನೋಡಿದ್ದರೆ ಇಷ್ಟು ವರ್ಷ ಜಿ1ರ ನಡೆಯನ್ನು ಬೈಯುವುದು ತಪ್ಪುತ್ತಿತ್ತು.

ಪಡುಬಿದ್ರಿಯವ ಬರೆದದ್ದು:

ಕದ್ರಿಯ ಸರ್ ಹೇಳಿದ ಅಂತ್ಯಾಟದ ಪಾಠಕ್ಕೆ ನನ್ನ ತಕರಾರಿಲ್ಲ. ಆದರೆ ಈ ಆಟ 61ನೇ ನಡೆಯಲ್ಲಿ, ರಾಜ ಡಿ8ಕ್ಕೆ ಹೋದಾಗ, ಸೋತದ್ದು ಎಂಬ ಮಾತನ್ನು ನಾನು ಒಪ್ಪಲಾರೆ. ಕೋಷ್ಟಕಕ್ಕೆ ಗಡಿಯಾರ ಗೊತ್ತಿಲ್ಲ. ಡ್ರಾ ಎಂದು ಅದು ಬರೆದ ಸ್ಥಿತಿಯಲ್ಲಿ ಒಂದೇ ಒಂದು ಸರಿಯಾದ ನಡೆ ಇರಬಹುದು, ಅದನ್ನು ಹುಡುಕಲು ನಿಮ್ಮಲ್ಲಿ ಮೂವತ್ತೇ ಸೆಕೆಂಡು ಉಳಿದಿರಬಹುದು. ಬೆಳಗ್ಗೆ ಐದಕ್ಕೆ ಎದ್ದು, ಬಸ್ಸು ಹಿಡಿದು, ಒಂದು ಸುತ್ತು ಆಡಿ ಮುಗಿಸಿ, ಮಧ್ಯಾಹ್ನ ಎರಡು ಬನ್ಸ್ ತಿಂದು ಮತ್ತೆ ಕೂತವನ ತಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

2014ರಲ್ಲಿ ಸೋಚಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟ ನಿಮಗೆಲ್ಲ ನೆನಪಿರಬಹುದು. ಕಾರ್ಲ್‌ಸನ್ 26ನೇ ನಡೆಯಲ್ಲಿ ರಾಜನನ್ನು ಡಿ2ಕ್ಕೆ ಇಟ್ಟರು, ಅದು ದೊಡ್ಡ ತಪ್ಪು. ಆನಂದ್ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆದಿದ್ದರೆ ಆಟದ ಗತಿಯೇ ಬದಲಾಗುತ್ತಿತ್ತು. ಮನೆಯಲ್ಲಿ ಯಂತ್ರ ಹಚ್ಚಿಕೊಂಡು ಕೂತ ನಮಗೆಲ್ಲ ಅದು ಕ್ಷಣದಲ್ಲಿ ಕಂಡಿತು. ಆನಂದ್ ಎ4ಕ್ಕೆ ಕಾಲಾಳನ್ನು ತಳ್ಳಿದರು, ಆಮೇಲೆ ಆಟವನ್ನೇ ಸೋತರು. ಐದು ಬಾರಿ ಜಗತ್ತಿನ ಚಾಂಪಿಯನ್ ಆದವರಿಗೆ ಕಾಣದ್ದು ಕಾಣದೇ ಹೋಯಿತು. ಅವರು ತಮ್ಮದೇ ಯೋಜನೆಯೊಳಗೆ ಮುಳುಗಿದ್ದರು, ಎದುರಾಳಿ ಅಷ್ಟು ದೊಡ್ಡ ತಪ್ಪು ಮಾಡಬಹುದೆಂಬ ನಿರೀಕ್ಷೆಯಲ್ಲೇ ಇರಲಿಲ್ಲ. ಹಾಗಾಗಿ ಎಲ್ಲಿ ತಪ್ಪಿದೆ ಎಂಬ ಪ್ರಶ್ನೆಗಿಂತ ಆ ಹೊತ್ತಿಗೆ ಎತ್ತ ನೋಡುತ್ತಿದ್ದೆ ಎಂಬ ಪ್ರಶ್ನೆಯೇ ನನಗೆ ಮುಖ್ಯವೆನಿಸುತ್ತದೆ.

ಸ್ಕೋರ್‌ಶೀಟಿನಲ್ಲಿ ಸಮಯ ಬರೆದಿದ್ದೀರಾ? ಬರೆದಿದ್ದರೆ ಮೊದಲು ಆ ಅಂಕಿಗಳನ್ನು ಓದಿ. ಯಂತ್ರವನ್ನು ಮೊದಲು ನೋಡಿದ್ದಕ್ಕೆ ಪಶ್ಚಾತ್ತಾಪವೂ ಬೇಡ. ಯಂತ್ರ ಹೇಳದಿದ್ದರೆ ನೀವು ಇನ್ನೂ ಹತ್ತು ವರ್ಷ ಅದೇ ಹಳೆಯ ಕಥೆಯನ್ನು ಹೇಳುತ್ತಿದ್ದಿರಿ.

ಮಣಿಪಾಲದ ಅಮ್ಮ ಬರೆದದ್ದು:

ನಡುವೆ ಒಂದು ಚಿಕ್ಕ ಪ್ರಶ್ನೆ, ದಯವಿಟ್ಟು ಕ್ಷಮಿಸಿ. ನನ್ನ ಮಗನಿಗೆ ಹನ್ನೊಂದು ವರ್ಷ. ಸುತ್ತು ಮುಗಿಸಿ ಸಭಾಂಗಣದಿಂದ ಹೊರಗೆ ಬಂದೊಡನೆ ನನ್ನ ಫೋನು ಕಸಿದುಕೊಂಡು ಇಡೀ ಆಟವನ್ನು ಯಂತ್ರಕ್ಕೆ ಹಾಕುತ್ತಾನೆ, ಕೆಂಪು ಗುರುತು ಕಂಡಲ್ಲಿ ಅಳುತ್ತಾನೆ, ಮುಂದಿನ ಸುತ್ತಿಗೆ ಅದೇ ಮುಖದಲ್ಲಿ ಹೋಗುತ್ತಾನೆ. ಫೋನು ಕೊಡಬೇಕೋ ಬೇಡವೋ?

ಕದ್ರಿಯ ಕುದುರೆ ಬರೆದದ್ದು:

ಆ ದಿನದ ಎಲ್ಲ ಸುತ್ತುಗಳು ಮುಗಿಯುವ ತನಕ ಕೊಡಬೇಡಿ, ಅಮ್ಮ. ಸುತ್ತುಗಳ ನಡುವೆ ಅವನಿಗೆ ಬೇಕಾದದ್ದು ಊಟ ಮತ್ತು ಸ್ವಲ್ಪ ನಡಿಗೆ. ಎದುರಾಳಿ ಮಗು ಒಪ್ಪಿದರೆ ಇಬ್ಬರೂ ಸೇರಿ ಹೊರಗೆ ಹತ್ತು ನಿಮಿಷ ಆಟವನ್ನು ಮಾತಾಡಿಕೊಳ್ಳಲಿ, ಅದು ಯಂತ್ರಕ್ಕಿಂತ ಮೇಲು.

ಪಡುಬಿದ್ರಿಯವರೇ, ಗಡಿಯಾರದ ಮಾತು ಒಪ್ಪಿದೆ. ಆದರೆ ಚಿಕ್ಕ ಬದಿ, ಉದ್ದ ಬದಿ ಎಂಬುದು ಮೂವತ್ತು ಸೆಕೆಂಡಿನಲ್ಲಿ ಹುಡುಕುವ ವಿಷಯವಲ್ಲ, ಮನೆಯಿಂದಲೇ ಹೊತ್ತು ತರಬೇಕಾದ ವಿಷಯ. ಅದು ಗೊತ್ತಿದ್ದವನಿಗೆ ಐದು ಸೆಕೆಂಡು ಸಾಕು.

ಹಂಪನಕಟ್ಟೆಯ ಆರ್ಬಿಟರ್ ಬರೆದದ್ದು:

ಆಟಕ್ಕಿಂತ ಕಾಗದದ ಬಗ್ಗೆ ನನಗೆ ಕುತೂಹಲ. 30 ಸೆಕೆಂಡುಗಳ ಸೇರ್ಪಡೆ ಇದ್ದ ಆಟವಾದ್ದರಿಂದ ಸಮಯ ಎಷ್ಟೇ ಕಡಿಮೆಯಿದ್ದರೂ ಕೊನೆಯ ತನಕ ನಡೆಗಳನ್ನು ಬರೆಯಲೇಬೇಕಾಗಿತ್ತು. ಹಾಗಾಗಿಯೇ ನಿಮ್ಮಲ್ಲಿ ಪೂರ್ತಿ ಆಟ ಉಳಿದಿದೆ. ಸೇರ್ಪಡೆ ಇಲ್ಲದ ಆಟವಾಗಿದ್ದರೆ, ಐದು ನಿಮಿಷಕ್ಕಿಂತ ಕಡಿಮೆ ಉಳಿದಾಗ ಬರೆಯುವುದನ್ನು ನಿಲ್ಲಿಸಲು ಅವಕಾಶವಿರುತ್ತಿತ್ತು, ಈ ಚರ್ಚೆಯೂ ಇರುತ್ತಿರಲಿಲ್ಲ.

ಸ್ಕೋರ್‌ಶೀಟಿನಲ್ಲಿ ನಡೆಗಳಲ್ಲದೆ ಗಡಿಯಾರದ ಸಮಯವನ್ನೂ ಡ್ರಾ ಪ್ರಸ್ತಾಪಗಳನ್ನೂ ಬರೆಯಲು ನಿಯಮದಲ್ಲಿ ಅವಕಾಶವಿದೆ. ಡ್ರಾ ಪ್ರಸ್ತಾಪವನ್ನಂತೂ ಇಬ್ಬರೂ ಗುರುತಿಸಲೇಬೇಕು. ಆವರಣದೊಳಗೆ ಸಮ ಚಿಹ್ನೆ, ಅಂದರೆ ಎರಡು ಅಡ್ಡಗೆರೆ, ಅದರ ಗುರುತು. ಸಾಮಾನ್ಯವಾಗಿ ಆಟಗಾರರು ಇದನ್ನು ಅವಸರದಲ್ಲಿ ನಡೆಯ ಪಕ್ಕಕ್ಕೆ ಸಣ್ಣದಾಗಿ ಗೀಚಿರುತ್ತಾರೆ, ಕಾರ್ಬನ್ ಪ್ರತಿಯಲ್ಲಿ ಅದು ಮಸಿಯ ಕಲೆಯಂತೆ ಕಾಣುತ್ತದೆ. ನಿಮ್ಮ ಕಾಗದದಲ್ಲಿ ಅಂಥದ್ದೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಹಳೆಯ ಆಟಗಳ ಬಗ್ಗೆ ಆಟಗಾರರು ಹೇಳುವ ಕಥೆಗಳಲ್ಲಿ ಮೊದಲು ಕಳೆದುಹೋಗುವುದು ಡ್ರಾ ಪ್ರಸ್ತಾಪವೇ ಎಂಬುದು ನನ್ನ ಅನುಭವ. ಯಾರು ಮುಂದಿಟ್ಟರು, ಯಾರು ಬೇಡವೆಂದರು ಎಂದು ಮರುದಿನವೇ ಇಬ್ಬರೂ ಬೇರೆ ಬೇರೆ ಹೇಳುತ್ತಾರೆ.

ಕಲ್ಸಂಕದ ಕಾಲಾಳು ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಆರ್ಬಿಟರ್ ಅವರ ಮಾತು ಓದಿ ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. 34ನೇ ನಡೆಯಲ್ಲಿ, ಬಿಳಿಯ ಅಂಕಣದಲ್ಲಿ, ಹುಳು ತಿಂದ ಅಂಚಿಗೆ ಅಂಟಿಕೊಂಡಂತೆ ಆ ಗುರುತು ಇದೆ. ಅಂದರೆ ಹುಡುಗ ಡ್ರಾ ಕೇಳಿದ್ದ, ನಾನು ನಿರಾಕರಿಸಿದ್ದೆ. ಇದು ನನಗೆ ಸಂಪೂರ್ಣವಾಗಿ ಮರೆತುಹೋಗಿತ್ತು. ಮರೆತುಹೋಗಿತ್ತು ಎನ್ನುವುದೂ ಸರಿಯಲ್ಲವೇನೋ. ಈಗ ಕಣ್ಣೆದುರು ಕಂಡರೂ ನೆನಪಿಗೆ ಬರುತ್ತಿಲ್ಲ. ಅವನ ಮುಖ, ಅವನು ಕೇಳಿದ ದನಿ, ಯಾವುದೂ ಇಲ್ಲ. ನೆನಪಿರುವುದು ಸಭಾಂಗಣದ ತಗಡಿನ ಮಾಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಮಾತ್ರ.

ಕದ್ರಿಯ ಸರ್ ಹೇಳಿದಂತೆ ಯಂತ್ರವನ್ನು ತೆರೆಯದೆ ಹಲಗೆಯ ಮೇಲೆ 34ನೇ ನಡೆಯ ತನಕ ಆಡಿ ನೋಡಿದೆ. ನನ್ನಲ್ಲಿ ಒಂದು ಕಾಲಾಳು ಹೆಚ್ಚಿತ್ತು! ಆರಂಭದಿಂದಲೂ ಕೆಟ್ಟ ಸ್ಥಿತಿಯನ್ನು ಕಾಯುತ್ತ, ಕೊನೆಗೆ ಡ್ರಾದ ಹೊಸ್ತಿಲಲ್ಲಿ ಎಡವಿದೆ ಎಂದೇ ನಾನು ನಂಬಿದ್ದೆ. ನಿಜಕ್ಕೂ ಆ ಹೊತ್ತಿಗೆ ಗೆಲ್ಲಲು ಹೊರಟಿದ್ದವನು ನಾನೇ. ಎ ಸಾಲಿನಲ್ಲಿದ್ದ ಆ ಹೆಚ್ಚುವರಿ ಕಾಲಾಳನ್ನು ಮುನ್ನಡೆಸುವ ಭರದಲ್ಲಿ ಎದುರಿನ ಬದಿಯನ್ನು ತೆರೆದಿಟ್ಟು, 41ರಿಂದ 47ರೊಳಗೆ ಎರಡು ಕಾಲಾಳುಗಳನ್ನು ಕಳೆದುಕೊಂಡಿದ್ದೇನೆ.

ಪಡುಬಿದ್ರಿಯವರು ಕೇಳಿದ ಸಮಯದ ಲೆಕ್ಕ ಹೀಗಿದೆ. ಹೆಚ್ಚು ಯೋಚಿಸಿದ ಕಡೆಗಳಲ್ಲಿ ಉಳಿದ ನಿಮಿಷಗಳನ್ನು ಬರೆಯುವ ಅಭ್ಯಾಸ ನನಗಿತ್ತು. 33ನೇ ನಡೆಯ ಪಕ್ಕದಲ್ಲಿ 38 ಎಂದಿದೆ. 34ರ ಪಕ್ಕದಲ್ಲಿ 17. ಡ್ರಾ ಬೇಡವೆಂದ ಆ ಒಂದು ನಡೆಗೆ ಇಪ್ಪತ್ತು ನಿಮಿಷ ಮೀರಿ ಕಳೆದಿದ್ದೇನೆ, ಆಡಿದ್ದು ಆನೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸುವ, ಏನೂ ಮಾಡದ ನಡೆ. 59ರ ಪಕ್ಕದಲ್ಲಿ 1 ಎಂದಿದೆ, 61ರ ಪಕ್ಕದಲ್ಲಿ ಅಂಕಿಯೇ ಇಲ್ಲ. ಆ ಇಪ್ಪತ್ತು ನಿಮಿಷ ಏನು ನೋಡುತ್ತಿದ್ದೆ ಎಂದು ನೋಟ್‌ಪುಸ್ತಕದಲ್ಲಿ ಬರೆಯಲು ಕೂತೆ. ಪುಟ ಖಾಲಿಯಾಗಿಯೇ ಇದೆ. ಹುಡುಗ ಹೆದರಿ ಡ್ರಾ ಕೇಳಿದ್ದಾನೆ ಎಂದುಕೊಂಡಿರಬೇಕು. ಹಾಗೆಂದು ಊಹಿಸಬಲ್ಲೆ, ಬರೆಯಲಾರೆ.

ನಿನ್ನೆ ರಾತ್ರಿ ಕರೆಂಟು ಹೋದಾಗ ಮೇಣದಬತ್ತಿ ಹಚ್ಚಿ, 61ನೇ ನಡೆಯ ಸ್ಥಿತಿಯನ್ನು ಇಟ್ಟು ಮಗಳಿಗೆ ಬಿಳಿ ಕಾಯಿ ಕೊಟ್ಟು ಆಡಿದೆವು. ನಾನು ರಾಜನನ್ನು ಎಫ್8ಕ್ಕೆ ಸರಿಸಿ, ಜಿ7ಕ್ಕೆ ಹೋಗಿ, ಆನೆಯನ್ನು ಎ1ಕ್ಕೆ ಕೊಂಡೊಯ್ದೆ. ಅವಳು ಸರ್ ಹೇಳಿದ ರಾಜನ ನಡೆಗಳಾವುದನ್ನೂ ಆಡಲಿಲ್ಲ. ಆನೆಯನ್ನು ಇ8ರಿಂದ ಡಿ8ಕ್ಕೆ ಸರಿಸಿ ಸುಮ್ಮನೆ ಕೂತಳು. ಎ6ರಿಂದ ಚೆಕ್ ಕೊಡೋಣವೆಂದರೆ ಆನೆಯನ್ನು ಡಿ6ಕ್ಕೆ ಅಡ್ಡ ತರುತ್ತಾಳೆ. ಇಲ್ಲಿ ಏನು ಮಾಡಬೇಕು?

ಕದ್ರಿಯ ಕುದುರೆ ಬರೆದದ್ದು:

ಮಗಳು ಸರಿಯಾದ ಕಡೆಗೇ ಕೈ ಹಾಕಿದ್ದಾಳೆ. ಬಿಳಿ ಆನೆ ಇ8ನ್ನು ಬಿಟ್ಟೊಡನೆ ನೀವು ಮರಳಿ ಇ1ಕ್ಕೆ ಹೋಗಿ, ಕಾಲಾಳಿನ ಹಿಂದೆ ನಿಲ್ಲಿ. ಅವಳ ರಾಜ ಡಿ6ಕ್ಕೋ ಡಿ7ಕ್ಕೋ ಸರಿದರೆ ನಿಮ್ಮ ರಾಜ ಎಫ್7ಕ್ಕೆ ಬರಲಿ. ಆಮೇಲೆ ಕಾಲಾಳು ಇ6ಕ್ಕೆ ಬಂದರೂ ಆನೆಯಿಂದ ಹೊಡೆಯಬಹುದು, ರಾಜನ ಕಾವಲಿದೆ. ಅವಳ ಆನೆ ಡಿ7ರಿಂದ ಚೆಕ್ ಕೊಟ್ಟರೆ ಎಫ್8ಕ್ಕೆ, ಮತ್ತೆ ಡಿ8ರಿಂದ ಕೊಟ್ಟರೆ ಜಿ7ಕ್ಕೆ. ಅವಳು ಆನೆಯನ್ನು ಪುನಃ ಇ8ಕ್ಕೆ ತಂದರೆ ನೀವು ಪುನಃ ಎ1ಕ್ಕೆ. ಒಂದೇ ಸ್ಥಿತಿ ಮೂರನೇ ಸಲ ಬಂದಾಗ ಡ್ರಾ ಕೇಳಬಹುದು.